ಹಬ್ಬದ ಕುರ್ಚಿ

ಹಬ್ಬಕ್ಕೆ ಇನ್ನೂ ಐದು ವಾರವಿತ್ತು. ಜಗಳ ಮಾತ್ರ ಮೊದಲೇ ಬಂದು ಊಟಕ್ಕೆ ಕೂತಿತ್ತು.

ವರ್ಷಕ್ಕೆ ಹತ್ತು ಹಬ್ಬ ಬಂದರೂ ಆ ಮನೆಯಲ್ಲಿ ಹಬ್ಬ ಎಂದರೆ ಒಂದೇ, ಅದು ಅಮ್ಮನ ಹಬ್ಬ. ಈ ಪರದೇಶಕ್ಕೆ ಬಂದ ಮೇಲೆ ಉಳಿದವೆಲ್ಲ ಒಂದೊಂದಾಗಿ ಉದುರಿಹೋಗಿದ್ದವು. ಒಂದರ ದಿನ ಅಪ್ಪನಿಗೆ ಗೋದಾಮಿನ ಕೆಲಸ, ಇನ್ನೊಂದರ ದಿನ ಮಗಳಿಗೆ ಪರೀಕ್ಷೆ. ಇದೊಂದನ್ನು ಅಮ್ಮ ಬಿಟ್ಟಿರಲಿಲ್ಲ.

ಅಂದು ಸಂಜೆ ಅಪ್ಪ ತರಕಾರಿ ಗೋದಾಮಿನಿಂದ ಬಂದವನು ಬೂಟು ಬಿಚ್ಚುವ ಮೊದಲೇ ಸುದ್ದಿ ಬಿಚ್ಚಿದ.

"ಅಧ್ಯಕ್ಷರು ಫೋನ್ ಮಾಡಿದ್ರು. ಈ ಸಲ ಮುನ್ನೂರು ಜನ ಆಗ್ತಾರಂತೆ. ಅಡುಗೆ ನಮ್ಮನೆಯವಳದೇ ಅಂತ ಹೇಳಿಬಿಟ್ಟೆ."

ಅಧ್ಯಕ್ಷರೆಂದರೆ ಆ ಊರಿನಲ್ಲಿ ನೆಲೆಸಿದ ನಮ್ಮ ಕಡೆಯವರ ಸಂಘದ ಅಧ್ಯಕ್ಷರು. ಕೈಗೆ ಮೈಕು ಸಿಕ್ಕರೆ ಬಿಡುವವರಲ್ಲ, ಅದಕ್ಕೇ ಮಕ್ಕಳು ಅವರಿಗೆ ಮೈಕ್ ಮಾಮ ಎಂದು ಹೆಸರಿಟ್ಟಿದ್ದರು. ಸಂಘದಲ್ಲಿ ಎಲ್ಲರೂ ಒಂದೇ ಎಂದು ಅವರು ಪ್ರತಿ ವರ್ಷ ಮೈಕಿನಲ್ಲಿ ಹೇಳುತ್ತಿದ್ದರು. ಎಂಜಿನಿಯರು, ಡಾಕ್ಟರು, ಬ್ಯಾಂಕಿನವರು ಆ ಮಾತನ್ನು ಮುಂದಿನ ಸಾಲಿನಲ್ಲಿ ಕೂತು ಕೇಳುತ್ತಿದ್ದರು. ಮೂಟೆ ಹೊರುವವರ, ಬಟ್ಟೆ ಒಗೆಯುವವರ ಮನೆಯ ಹೆಂಗಸರು ಅದೇ ಮಾತನ್ನು ಹಿಂದಿನ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಾ ಕೇಳುತ್ತಿದ್ದರು.

ಮಗ ತಟ್ಟೆಯಿಂದ ತಲೆಯೆತ್ತಿದ. ಸ್ಕೂಟರಿನಲ್ಲಿ ಮನೆಮನೆಗೆ ಪಾರ್ಸೆಲ್ ಹಂಚುವ ಕೆಲಸ ಅವನದು.

"ಬಾಡಿಗೆಗೆ ಕೊಟ್ಯಾ ಅಮ್ಮನ್ನ?"

"ಬಾಯಿ ಮುಚ್ಚೋ. ದೊಡ್ಡವರು ಕರೀತಾರೆ ಅಂದ್ರೆ ಸುಮ್ನೆ ಕರೀತಾರಾ? ಕೈರುಚಿ ಇದೆ, ಕರೀತಾರೆ."

"ಕೈ ಬೇಕು ಅವರಿಗೆ. ಹೋದ ವರ್ಷ ಇವಳು ಎಲ್ಲಿ ಊಟ ಮಾಡಿದ್ಲು ಗೊತ್ತಾ ನಿಂಗೆ?"

"ಎಲ್ಲಿ ಮಾಡ್ತಾಳೆ, ಹಾಲ್‌ನಲ್ಲೇ."

"ಸಿಂಕ್ ಹತ್ರ. ನಿಂತ್ಕೊಂಡು. ನೀನು ಎರಡನೇ ಸಾಲಲ್ಲಿ ಚಪ್ಪಾಳೆ ತಟ್ತಾ ಇದ್ದೆ."

"ಉಪ್ಪು ಎಲ್ಲಿ?" ಎಂದು ಅಪ್ಪ ಕೇಳಿದ. ಉತ್ತರವಿಲ್ಲದಾಗ ಅವನು ಉಪ್ಪು ಕೇಳುತ್ತಿದ್ದ. ಅಮ್ಮ ಎದ್ದು ತಂದುಕೊಟ್ಟಳು. ಮೂಲೆಯಲ್ಲಿ ಕೂತಿದ್ದ ಅಜ್ಜಿ, ಅಪ್ಪನ ತಾಯಿ, "ಸಾರಿಗೆ ಉಪ್ಪು ಸರಿಯಾಗೇ ಇದೆ ಕಣೋ, ಮಾತಿಗೆ ಕಮ್ಮಿಯಾಗಿರ್ಬೇಕು" ಎಂದಳು.

ಅಮ್ಮನನ್ನು ಯಾರೂ ಏನೂ ಕೇಳಲಿಲ್ಲ. ಅವಳು ಅನ್ನದ ಪಾತ್ರೆಯ ತಳ ಕೆರೆದು ತನ್ನ ತಟ್ಟೆಗೆ ಹಾಕಿಕೊಂಡಳು.

ಅಮ್ಮ ದೊಡ್ಡ ಹೋಟೆಲೊಂದರ ನೆಲಮಾಳಿಗೆಯ ಲಾಂಡ್ರಿಯಲ್ಲಿ ದುಡಿಯುತ್ತಿದ್ದಳು. ಅಲ್ಲಿ ಕಿಟಕಿಯಿಲ್ಲ. ಒಣಗಿಸುವ ಮೆಷಿನ್ನುಗಳ ಬಿಸಿಗೆ ಚಳಿಗಾಲದಲ್ಲೂ ಬೆನ್ನು ಬೆವರುತ್ತದೆ. ಬೆಡ್‌ಶೀಟು ಮಡಿಸುವುದು ಇಬ್ಬರ ಕೆಲಸ. ಆ ತುದಿ ಒಬ್ಬಳು, ಈ ತುದಿ ಒಬ್ಬಳು ಹಿಡಿದು, ಒಮ್ಮೆ ಒದರಿ, ಎದುರುಬದುರು ನಡೆದು ಬಂದು ಮೂಲೆಗೆ ಮೂಲೆ ಕೂಡಿಸಬೇಕು. ಒಬ್ಬಳು ಅರ್ಧ ಹೆಜ್ಜೆ ತಪ್ಪಿದರೂ ಬಟ್ಟೆ ಸೊಟ್ಟ. ಅಮ್ಮನ ಎದುರು ತುದಿ ಹಿಡಿಯುವವಳು ಇನ್ನೊಂದು ದೇಶದಿಂದ ಬಂದ ದಪ್ಪ ಹೆಂಗಸು. ಅವಳ ಹೆಸರಿಗೆ ಅಮ್ಮನ ನಾಲಗೆ ಹೊರಳದೆ, ಮನೆಯಲ್ಲಿ ಅವಳನ್ನು 'ನನ್ನ ಜೋಡಿ' ಎನ್ನುತ್ತಿದ್ದಳು. ಇಬ್ಬರೂ ಆ ದೇಶದ ಭಾಷೆಯನ್ನು ಕುಂಟುತ್ತಾ ಆಡುತ್ತಿದ್ದರು, ಆದರೆ ಇಬ್ಬರೂ ಒಂದೇ ಕಾಲಿನಲ್ಲಿ ಕುಂಟುತ್ತಿದ್ದರಿಂದ ತೊಂದರೆಯಿರಲಿಲ್ಲ.

ಆ ಲಾಂಡ್ರಿಯಲ್ಲಿ ಯಾರ ಹಬ್ಬಕ್ಕೂ ರಜವಿಲ್ಲ. ಇಸ್ತ್ರಿ ಮಾಡುವ ಮುದುಕ ಒಂದು ಕಡೆಯವನು, ಟವೆಲಿನ ಗಾಡಿ ತಳ್ಳುವ ಉದ್ದನೆಯ ಹುಡುಗಿ ಇನ್ನೊಂದು ಕಡೆಯವಳು. ಒಬ್ಬರ ಹಬ್ಬದ ದಿನ ಇನ್ನೊಬ್ಬರಿಗೆ ಬರೀ ಬುಧವಾರ. ಅದಕ್ಕೆ ಅವರೇ ಒಂದು ಪದ್ಧತಿ ಮಾಡಿಕೊಂಡಿದ್ದರು. ಹೋಟೆಲಿನವರು ಬಿಸಾಡಿದ ಕೆಂಪು ಮಖಮಲ್ಲಿನ ಕೈಕುರ್ಚಿಯೊಂದು ಮೂಲೆಯಲ್ಲಿತ್ತು. ಒಂದು ಕಾಲು ಗಿಡ್ಡ, ಅದರ ಕೆಳಗೆ ಮಡಿಸಿದ ಟವೆಲು. ಯಾರ ಹಬ್ಬವೋ ಅವರು ಅಂದು ಡ್ಯೂಟಿಗೆ ಬಂದು ಆ ಕುರ್ಚಿಯಲ್ಲಿ ಕೂರಬೇಕು. ಬಟ್ಟೆ ಮುಟ್ಟಕೂಡದು. ಅವರ ಪಾಲಿನ ರಾಶಿಯನ್ನು ಉಳಿದವರು ಹಂಚಿಕೊಂಡು ಮುಗಿಸುತ್ತಾರೆ. ಊಟ ಉಳಿದವರೇ ತರುತ್ತಾರೆ, ಉಳಿದವರೇ ಬಡಿಸುತ್ತಾರೆ.

ಜೋಡಿಯ ಹಬ್ಬಕ್ಕೆ ಅಮ್ಮ ಎರಡು ರಾಶಿ ಮಡಿಸಿದ್ದಳು. ಮುದುಕನ ಹಬ್ಬಕ್ಕೆ ಇಸ್ತ್ರಿ ಹಿಡಿದು ಮೊಣಕೈ ಸುಟ್ಟುಕೊಂಡಿದ್ದಳು. ಹೋದ ವರ್ಷ ಅಮ್ಮನ ಹಬ್ಬ ಬಂದಾಗ ಮಾತ್ರ ಅವಳು ಹುಷಾರಿಲ್ಲವೆಂದು ಹೇಳಿ, ಸಂಘದ ಹಾಲಿಗೆ ಹೋಗಿ ಎಲ್ಲರಿಗೂ ಬೇಯಿಸಿದ್ದಳು. ಅಂದು ಕುರ್ಚಿ ಖಾಲಿಯಿತ್ತು. ಜೋಡಿ ತಂದಿದ್ದ ಊಟ ಮರುದಿನದವರೆಗೆ ಡಬ್ಬಿಯಲ್ಲೇ ಕೂತು ಹಳಸಿತ್ತು.

"ಈ ವರ್ಷ ಯಾವತ್ತು?" ಜೋಡಿ ಬೆಡ್‌ಶೀಟಿನ ಆ ತುದಿಯಿಂದ ಕೇಳಿದಳು.

ಅಮ್ಮ ಹೇಳಿದಳು.

"ಈ ವರ್ಷವೂ ಜ್ವರ ಬರುತ್ತದಾ?"

"ಇಲ್ಲ," ಎಂದಳು ಅಮ್ಮ. "ಈ ವರ್ಷ ಕೂರ್ತೀನಿ."

ಹಾಗೆಂದು ಮನೆಗೆ ಬಂದರೆ, ಮಗ ಅಡುಗೆಮನೆಯ ಬಾಗಿಲಲ್ಲಿ ನಿಂತು ಕಾಯುತ್ತಿದ್ದ. ಮುಖದಲ್ಲಿ ಯುದ್ಧ ಗೆದ್ದ ಕಳೆ.

"ಅಮ್ಮ, ನೀನು ಸಂಘಕ್ಕೆ ಹೋಗಲ್ಲ. ಹಬ್ಬ ನಮ್ಮನೇಲೇ. ನನ್ನ ಜೊತೆ ಕೆಲಸ ಮಾಡೋರನ್ನೆಲ್ಲ ಕರೆದಿದ್ದೀನಿ. ಎಂಟು ಜನ. ಪಾಪ, ಅವರಿಗೂ ಇಲ್ಲಿ ಯಾರೂ ಇಲ್ಲ."

"ಒಳ್ಳೇದು. ಅಡುಗೆ ಯಾರು ಮಾಡೋದು?"

ಮಗ ನಕ್ಕ. "ಇನ್ಯಾರು, ನೀನೇ. ನಿನ್ನ ಕೈರುಚಿ ಅವರೂ ಒಂದ್ಸಲ ನೋಡ್ಲಿ."

ಒಳಗೆ ಓದುತ್ತಿದ್ದ ಮಗಳು ಪುಸ್ತಕ ಮಡಚಿದಳು. "ಅಬ್ಬಾ! ಮೈಕ್ ಇಲ್ದೇನೇ ಮೈಕ್ ಮಾಮನ ಥರ ಮಾತಾಡ್ತೀಯಲ್ಲೋ."

"ನೀನು ಸುಮ್ನಿರೇ. ಅವರಿಗೆ ಮಾಡೋದೂ ನಮ್ಮವರಿಗೆ ಮಾಡೋದೂ ಒಂದೇನಾ?"

"ಈರುಳ್ಳಿಗೆ ಒಂದೇ," ಎಂದಳು ಮಗಳು.

ಅಷ್ಟರಲ್ಲಿ ಅಪ್ಪ ಬಂದ. ಮಗ ಎಂಟು ಜನರನ್ನು ಕರೆದದ್ದು ಕಿವಿಗೆ ಬಿತ್ತು, ಶುರುವಾಯಿತು. ನಾನು ಮಾತು ಕೊಟ್ಟಿದ್ದೀನಿ, ನಾನೂ ಮಾತು ಕೊಟ್ಟಿದ್ದೀನಿ. ಈ ಮನೆ ಯಾರದು, ಬಾಡಿಗೆಗೆ ನಾನೂ ದುಡ್ಡು ಕೊಡ್ತೀನಿ. ಊರಲ್ಲಿ ನಾಲ್ಕು ಜನ ಕೂತ ಕಡೆ ನಂಗೊಂದು ಜಾಗ ಇತ್ತು ಕಣೋ, ಇಲ್ಲಿ ಆ ಒಬ್ಬ ಮನುಷ್ಯ ಭುಜ ಮುಟ್ಟಿ ಮಾತಾಡಿಸ್ತಾನೆ, ಅದಕ್ಕೂ ಕಲ್ಲು ಹಾಕ್ತೀಯ. ಭುಜ ಮುಟ್ಟಿದ್ದಕ್ಕೆ ಅಮ್ಮನ ಸೊಂಟ ಕೊಡ್ತೀಯ.

"ಅಮ್ಮನ್ನ ಯಾರಾದ್ರೂ ಕೇಳಿದ್ರಾ?" ಎಂದಳು ಮಗಳು.

"ಅವಳನ್ನೇನು ಕೇಳೋದು?" ಅಪ್ಪ ನಿಜವಾಗಿ ಆಶ್ಚರ್ಯಪಟ್ಟ. "ಈ ಹಬ್ಬ ಅಂದ್ರೆ ಅವಳಿಗೆ ಪ್ರಾಣ!"

"ಅದನ್ನೇ ನಾನೂ ಹೇಳ್ತಿರೋದು!" ಎಂದ ಮಗ.

ಆ ಸಂಜೆ ಅಪ್ಪ ಮಗ ಒಪ್ಪಿಕೊಂಡದ್ದು ಇದೊಂದೇ ಮಾತು. ಅಮ್ಮ ಒಲೆ ಆರಿಸಿದಳು.

"ನಂಗೆ ಅವತ್ತು ಡ್ಯೂಟಿ ಇದೆ."

"ರಜ ಹಾಕು."

"ಹಾಕಲ್ಲ."

ಇಬ್ಬರೂ ಅವಳನ್ನೇ ನೋಡಿದರು. ಅವಳು ಸಾರಿನ ಪಾತ್ರೆ ತಂದು ಮೇಜಿನ ಮಧ್ಯೆ ಇಟ್ಟು, ಸೌಟನ್ನು ಅದರೊಳಗೆ ಬಿಟ್ಟು, ಕೈ ತೊಳೆದುಕೊಂಡು ಹೋದಳು.

ಮುಂದಿನ ವಾರಗಳಲ್ಲಿ ಮನೆ ತಣ್ಣಗಿತ್ತು. ಅಪ್ಪ ಹೆಂಡತಿಯೊಡನೆ ಮಾತು ಬಿಟ್ಟ. ಬೇಕಾದ್ದನ್ನು ಮಗಳ ಮೂಲಕ ಕೇಳುತ್ತಿದ್ದ. "ನಿಮ್ಮಮ್ಮಂಗೆ ಹೇಳು, ನೀಲಿ ಶರ್ಟು ಇಸ್ತ್ರಿ ಆಗಿಲ್ಲ ಅಂತ." ಮಗಳು ಅಲ್ಲೇ ಒಂದು ಅಡಿ ದೂರದಲ್ಲಿದ್ದ ಅಮ್ಮನಿಗೆ ಹೇಳುತ್ತಿದ್ದಳು, "ಅಮ್ಮ, ನಿನ್ನ ಗಂಡನ ನೀಲಿ ಶರ್ಟು ಅಳ್ತಾ ಇದೆಯಂತೆ." ಮಗ ತನ್ನ ಬಟ್ಟೆಯನ್ನು ತಾನೇ ಮೆಷಿನ್ನಿಗೆ ಹಾಕಿ, ಕೆಂಪು ಅಂಗಿಯ ಜೊತೆ ಬಿಳಿಯದನ್ನು ಸೇರಿಸಿ, ನಾಲ್ಕು ದಿನ ಗುಲಾಬಿ ಬನಿಯನ್ನಿನಲ್ಲಿ ಓಡಾಡಿದ. ಅದಕ್ಕೂ ಅವನಿಗೆ ಅಪ್ಪನ ಮೇಲೇ ಸಿಟ್ಟು.

ಒಂದು ಭಾನುವಾರ ಅಧ್ಯಕ್ಷರೇ ಫೋನ್ ಮಾಡಿದರು. ಅಪ್ಪ ಫೋನನ್ನು ಮೇಜಿನ ಮೇಲಿಟ್ಟು ಎಲ್ಲರಿಗೂ ಕೇಳುವಂತೆ ಮಾಡಿದ. ದೊಡ್ಡವರ ದನಿ ಕೇಳಿದರೆ ಹೆಂಡತಿ ಕರಗುತ್ತಾಳೆಂದು ಅವನ ಲೆಕ್ಕ.

"ಅಕ್ಕಾ, ಈ ಸಲ ನಿಮ್ಮ ಸಿಹಿ ಇಲ್ಲದೆ ಕಾರ್ಯಕ್ರಮವೇ ಇಲ್ಲ!"

"ಆಗಲ್ಲ ಅಣ್ಣ. ನಂಗೆ ಡ್ಯೂಟಿ."

"ಡ್ಯೂಟಿ ಇದ್ದದ್ದೇ ಅಕ್ಕ. ಇದು ನಮ್ಮ ಸಂಸ್ಕೃತಿಯ ಪ್ರಶ್ನೆ."

"ಸಂಸ್ಕೃತಿ ಎಷ್ಟು ಜನ ಬರುತ್ತೆ ಅಣ್ಣ ಊಟಕ್ಕೆ?"

"ಮುನ್ನೂರು... ಮುನ್ನೂರೈವತ್ತಾದ್ರೂ ಆಗಬಹುದು."

"ಒಬ್ಬೊಬ್ಬರು ಒಂದೊಂದು ಈರುಳ್ಳಿ ಹೆಚ್ಚಿದ್ರೆ ಮುಗ್ದೇ ಹೋಯ್ತಲ್ಲ."

ಮಗಳು ನಗು ತಡೆಯಲು ಸೆರಗಿಲ್ಲದೆ ಬಾಯಿಗೆ ದಿಂಬು ತುರುಕಿಕೊಂಡಳು. ಅಪ್ಪ ಫೋನ್ ಕಸಿದುಕೊಂಡು, "ನಾನು ಬರ್ತೀನಿ ಸಾರ್, ನಾನಿರ್ತೀನಿ ಸಾರ್" ಎಂದು ಒಳಕೋಣೆಗೆ ಓಡಿದ. ವಾಪಸು ಬಂದಾಗ ಮಾತು ಬಿಟ್ಟದ್ದು ಅವನಿಗೇ ಮರೆತುಹೋಗಿತ್ತು.

"ನನ್ನ ಮರ್ಯಾದೆ ತೆಗೆದುಬಿಟ್ಯಲ್ಲೇ!"

"ನಿಮ್ಮ ಮರ್ಯಾದೆ ಬೇಯೋಕೆ ನನ್ನ ಒಲೇನೇ ಆಗಬೇಕಾ?"

"ಏನಿದೆ ಆ ಲಾಂಡ್ರಿಲಿ? ಒದ್ದೆ ಬಟ್ಟೆ ಬಿಟ್ರೆ ಏನಿದೆ?"

ಅಮ್ಮ ಹೇಳಲಿಲ್ಲ. ಹೇಳಿದರೆ ನಗುತ್ತಾರೆಂದು ಅವಳಿಗೆ ಗೊತ್ತಿತ್ತು. ಒಂದು ಮುರುಕು ಕುರ್ಚಿಗಾಗಿ ಇಷ್ಟೆಲ್ಲ ಎಂದರೆ ಯಾರಿಗೆ ಅರ್ಥವಾಗುತ್ತದೆ?

ಅಜ್ಜಿಗೆ ಮಾತ್ರ ಹೇಳಿದಳು, ಅದೂ ತಪ್ಪಿಸಿಕೊಳ್ಳಲಾಗದೆ. ಸೊಪ್ಪು ಬಿಡಿಸುತ್ತಾ ಕೂತಿದ್ದಾಗ ಅಜ್ಜಿ ನೇರವಾಗಿ ಕೇಳಿದಳು. "ಯಾರೇ ಕಾಯ್ತಿರೋದು ಅಲ್ಲಿ? ಸುಳ್ಳು ಹೇಳ್ಬೇಡ. ಇಷ್ಟು ವರ್ಷದಲ್ಲಿ ನೀನು ನನ್ನ ಮಗನಿಗೆ ಎದುರಾಡಿದ್ದು ಇದೇ ಮೊದಲು."

ಅಮ್ಮ ಎಲ್ಲ ಹೇಳಿದಳು. ಅಜ್ಜಿ ಕೊಳೆತ ಎಲೆಯೊಂದನ್ನು ಆರಿಸಿ ಎಸೆದಳು.

"ಕುರ್ಚಿಗೆ ಕೈ ಇದೆಯಾ?"

"ಇದೆ ಅತ್ತೆ."

"ಮೆತ್ತೆ?"

"ಅದೂ ಇದೆ. ಸ್ವಲ್ಪ ಹರಿದಿದೆ."

"ಹಾಗಾದ್ರೆ ಹೋಗು." ಅಜ್ಜಿ ಇನ್ನೊಂದು ಎಲೆ ಆರಿಸಿದಳು. "ನಾನು ಜೀವಮಾನದಲ್ಲಿ ಹಬ್ಬದ ದಿನ ಒಂದೇ ಸಲ ಕೂತಿದ್ದು. ನಿನ್ನ ಮಾವ ಸತ್ತ ವರ್ಷ. ಸೂತಕ ಅಂತ ಒಲೆ ಮುಟ್ಟೋಕೆ ಬಿಡ್ಲಿಲ್ಲ. ಪಾಪ ಆ ಮನುಷ್ಯ, ಸತ್ತಾದ್ರೂ ಒಂದು ದಿನ ರಜ ಕೊಟ್ಟ."

ಇಬ್ಬರೂ ಸೊಪ್ಪಿನ ಮೇಲೆ ಬಗ್ಗಿ ನಕ್ಕರು. ಹಜಾರದಲ್ಲಿದ್ದ ಅಪ್ಪನಿಗೆ ಅತ್ತೆ ಸೊಸೆ ಒಟ್ಟಿಗೆ ನಗುವುದು ಕೇಳಿ ಭಯವಾಯಿತು.

ಹಬ್ಬದ ದಿನ ಅಮ್ಮ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ದೇವರಿಗೆ ದೀಪ ಹಚ್ಚಿ, ಹೊಸ ಸೀರೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು, ಯೂನಿಫಾರ್ಮಿನಲ್ಲಿ ಬಸ್ಸು ಹತ್ತಿದಳು. ಒಲೆ ತಣ್ಣಗಿತ್ತು. ಅಪ್ಪ ನೀಲಿ ಶರ್ಟನ್ನು ತಾನೇ ಇಸ್ತ್ರಿ ಮಾಡಿಕೊಂಡು ಸಂಘದ ಹಾಲಿಗೆ ಹೊರಟ. ಕಾಲರಿನಲ್ಲಿ ಹೊಸದೊಂದು ಸುಕ್ಕು ಮೂಡಿತ್ತು.

ಹಾಲಿನ ಬಾಗಿಲಲ್ಲೇ ಅಧ್ಯಕ್ಷರು ಭುಜ ಮುಟ್ಟಿದರು. "ಅಕ್ಕ ಕೊನೆಗೂ ಬರಲಿಲ್ವಾ? ಹೋಗಲಿ. ಒಳಗೆ ಕೈ ಕಮ್ಮಿ ಇದೆ, ನೀವು ಒಂಚೂರು... ಹತ್ತೇ ನಿಮಿಷ."

ಹತ್ತು ನಿಮಿಷವೆಂದು ಒಳಗೆ ಹೋದವನು ಹೊರಗೆ ಬರಲಿಲ್ಲ. ನೀಲಿ ಶರ್ಟಿನ ತೋಳು ಮಡಚಿ ಈರುಳ್ಳಿ ಸುಲಿದ. ಅಡುಗೆಯವರೆಂದು ಬಂದಿದ್ದ ಇಬ್ಬರು ಹೆಂಗಸರು ಅವನಿಗೆ ಪಾತ್ರೆ ಎತ್ತಲು ಹೇಳಿದರು, ಎತ್ತಿದ. ಮುಂದಿನ ಹಾಲಿನಿಂದ ಮೈಕು ಕೇಳುತ್ತಿತ್ತು. ಇಲ್ಲಿ ಎಲ್ಲರೂ ಒಂದೇ, ಎಂದಿತು ಮೈಕು. ಚಪ್ಪಾಳೆ. ನಮ್ಮ ಅನ್ನಪೂರ್ಣೆಯರಿಗೊಂದು ಚಪ್ಪಾಳೆ, ಎಂದಿತು. ಇನ್ನೂ ಜೋರು ಚಪ್ಪಾಳೆ. ಒಳಗಿದ್ದ ಹೆಂಗಸರಲ್ಲಿ ಒಬ್ಬಳು ಮೂಗೊರೆಸಿಕೊಂಡು, "ಆ ಸೌಟು ಇಲ್ಲಿ ಕೊಡಿ ಅಣ್ಣ" ಎಂದಳು.

ಎಲ್ಲರ ಊಟ ಮುಗಿದ ಮೇಲೆ ಅವನಿಗೂ ಒಂದು ತಟ್ಟೆ ಸಿಕ್ಕಿತು. ಕುರ್ಚಿಗಳನ್ನೆಲ್ಲ ಮಡಚಿ ಗೋಡೆಗೆ ಒರಗಿಸಿಯಾಗಿತ್ತು. ತಳದ ಅನ್ನ, ತಿಳಿಯಾದ ಸಾರು. ಸಿಹಿ ಕೇಳಿದ. ಮುಗಿದಿತ್ತು. ಸಿಂಕಿನ ಅಂಚಿಗೆ ತಟ್ಟೆಯಿಟ್ಟು ತಿಂದ. ಅಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು. ತಿನ್ನುವಷ್ಟು ಹೊತ್ತೂ ಅವನ ಎಡ ಮೊಣಕೈ ಒದ್ದೆಯಾಗುತ್ತಲೇ ಇತ್ತು.

ಅತ್ತ ಲಾಂಡ್ರಿಯಲ್ಲಿ ಅಮ್ಮ ಹೊಸ ಸೀರೆಯುಟ್ಟು ಕೆಂಪು ಕುರ್ಚಿಯಲ್ಲಿ ಕೂತಿದ್ದಳು. ಕೂರುವುದು ಸುಲಭವಿರಲಿಲ್ಲ. ಎರಡು ಕೈಗಳನ್ನೂ ಎಲ್ಲಿಡಬೇಕೆಂದು ತಿಳಿಯದೆ ಮೊದಲು ತೊಡೆಯ ಮೇಲಿಟ್ಟಳು, ಆಮೇಲೆ ಕುರ್ಚಿಯ ಕೈಗಳ ಮೇಲಿಟ್ಟಳು. ಅವಳ ಜಾಗದಲ್ಲಿ ಉದ್ದನೆಯ ಹುಡುಗಿ ಬೆಡ್‌ಶೀಟು ಹಿಡಿದಿದ್ದಳು, ಒಂದೂ ನೆಟ್ಟಗೆ ಬರುತ್ತಿರಲಿಲ್ಲ. ಮಧ್ಯಾಹ್ನ ಮೇಲಿನಿಂದ ಒಮ್ಮೆಲೇ ದೊಡ್ಡ ರಾಶಿ ಇಳಿಯಿತು. ಅಮ್ಮ ತಟ್ಟನೆ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

ಜೋಡಿ ಬೆಡ್‌ಶೀಟು ಬಿಟ್ಟು ಬಂದು ಅವಳ ಎರಡೂ ಭುಜ ಹಿಡಿದು ಒತ್ತಿ ಕೂರಿಸಿದಳು. "ಜ್ವರ," ಎಂದಳು ಗಂಭೀರವಾಗಿ. "ನಿನಗೆ ಜ್ವರ. ಏಳಬಾರದು."

ಮುದುಕ ಇಸ್ತ್ರಿ ಮೇಜಿನ ಹಿಂದಿನಿಂದ ಬಿದ್ದುಬಿದ್ದು ನಕ್ಕ. ಆಮೇಲೆ ಟವೆಲಿನ ಗಾಡಿಯ ಮೇಲೆ ಬಿಳಿಯ ಬಟ್ಟೆ ಹಾಸಿ ಮೇಜು ಮಾಡಿದರು. ಮುದುಕ ರೊಟ್ಟಿ ತಂದಿದ್ದ, ಹುಡುಗಿ ಹಣ್ಣು ತಂದಿದ್ದಳು. ಜೋಡಿ ತಂದ ಡಬ್ಬಿಯಲ್ಲಿ ಸಿಹಿಯಿತ್ತು. ಅಮ್ಮ ಒಮ್ಮೆ ಕೈಸನ್ನೆಯಲ್ಲಿ ಹೇಳಿಕೊಟ್ಟದ್ದನ್ನು ನೆನಪಿಟ್ಟು ಮಾಡಿಕೊಂಡು ಬಂದಿದ್ದಳು. ಬೆಲ್ಲ ಸಿಗದೆ ಸಕ್ಕರೆ ಹಾಕಿದ್ದಳು, ಪಾಕ ಜಾಸ್ತಿಯಾಗಿ ಕಲ್ಲಿನಂತಾಗಿತ್ತು. ಅಮ್ಮ ಹಲ್ಲಿನಲ್ಲಿ ಕಡಿದಳು, ಆಗಲಿಲ್ಲ. ಇನ್ನೊಂದು ಕಡೆಯಿಂದ ಕಡಿದಳು. ಎಲ್ಲರೂ ಕೆಲಸ ನಿಲ್ಲಿಸಿ ಅವಳ ಬಾಯನ್ನೇ ನೋಡುತ್ತಿದ್ದರು.

"ಹೇಗಿದೆ?"

"ಗಟ್ಟಿಯಾಗಿದೆ," ಎಂದಳು ಅಮ್ಮ. "ಇನ್ನೊಂದು ಕೊಡು."

ಸಂಜೆ ಮನೆಗೆ ಬಂದಾಗ ಬಾಗಿಲಲ್ಲೇ ಸೀದ ವಾಸನೆ. ಮಗನ ಗೆಳೆಯರು ಬಂದು, ಬೇಯಿಸಿ, ಸುಟ್ಟು, ಉಳಿದದ್ದನ್ನು ತಿಂದು, ಹಾಡಿ ಹೋಗಿದ್ದರು. ಮಗ ಸಿಂಕಿನ ಮುಂದೆ ನಿಂತಿದ್ದ. ತಿರುಗಿ ನೋಡಲಿಲ್ಲ.

"ಯಾವ ಪಾತ್ರೆ?" ಎಂದಳು ಅಮ್ಮ.

"ದೊಡ್ಡದು."

"ಉಜ್ಜು."

"ಉಜ್ತಾನೇ ಇದ್ದೀನಿ, ಒಂದು ಗಂಟೆಯಿಂದ," ಎಂದ ಮಗ. ಪಾತ್ರೆ ಓರೆಮಾಡಿ ತಳ ನೋಡಿ ಸೇರಿಸಿದ. "ಎಂಟೇ ಜನಕ್ಕೆ ಇಷ್ಟಾಗುತ್ತಾ ಅಮ್ಮ?"

ಅಮ್ಮ ಅಡುಗೆಮನೆಯೊಳಗೆ ಹೋಗಲಿಲ್ಲ. ಹಜಾರದಲ್ಲಿ ಅಜ್ಜಿಯ ಪಕ್ಕ ಕೂತಳು. ಎದುರಿಗೆ ಅಪ್ಪ ಕೂತಿದ್ದ. ನೀಲಿ ಶರ್ಟಿನ ತೋಳು ಇನ್ನೂ ಮಡಚಿಯೇ ಇತ್ತು. ಅವನಿಂದ ಈರುಳ್ಳಿ ವಾಸನೆ ಬರುತ್ತಿತ್ತು. ಮಗಳು ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದಳು, ಅವಳಿಗೂ ಹಾಸ್ಯ ಹೊಳೆಯಲಿಲ್ಲ.

"ಊಟ ಆಯ್ತಾ?" ಅಪ್ಪ ಕೇಳಿದ. ನೇರವಾಗಿ ಅಮ್ಮನನ್ನೇ ಕೇಳಿದ.

"ಆಯ್ತು. ಕೂತ್ಕೊಂಡು ಮಾಡಿದೆ. ನಿಮ್ದು?"

ಅಪ್ಪ ತನ್ನ ಮೊಣಕೈ ನೋಡಿಕೊಂಡ.

"ಆಯ್ತು. ನಿಂತ್ಕೊಂಡು."

ಒಳಗೆ ಮಗ ಪಾತ್ರೆ ಉಜ್ಜುವ ಸದ್ದು ನಿಂತು, ಮತ್ತೆ ಶುರುವಾಯಿತು.

"ಸಿಹಿ ಸಿಕ್ತಾ?"

"ಇಲ್ಲ. ಮುಗ್ದಿತ್ತು."

ಅಮ್ಮ ಚೀಲದಿಂದ ಜೋಡಿಯ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಮುಚ್ಚಳ ತೆಗೆದಳು. ಅಷ್ಟೇ. ಏಳಲಿಲ್ಲ.

ಅಪ್ಪ ಡಬ್ಬಿ ನೋಡಿದ, ಅಮ್ಮನನ್ನು ನೋಡಿದ. ಕಾದ. ಆಮೇಲೆ ಮೊಣಕಾಲಿಗೆ ಕೈಯೂರಿ ತಾನೇ ಎದ್ದು ಅಡುಗೆಮನೆಗೆ ಹೋದ. ಕಪಾಟುಗಳು ಒಂದೊಂದಾಗಿ ತೆರೆದು ಮುಚ್ಚುವ ಸದ್ದಾಯಿತು.

"ತಟ್ಟೆ ಎಲ್ಲಿರುತ್ತೆ?" ಒಳಗಿನಿಂದ ಕೂಗಿದ.

ಆ ಮನೆಗೆ ಬಂದು ಆಗಲೇ ಆರು ವರ್ಷವಾಗಿತ್ತು.

"ಸಿಂಕಿನ ಮೇಲೆ, ಬಲಗಡೆ," ಎಂದಳು ಮಗಳು.

"ಐದು ತಾರೋ," ಎಂದಳು ಅಜ್ಜಿ.